ಜರಡಿಯ ಬೀಳ್ಕೊಡುಗೆಗೆ ಒಂದು ಪಾತ್ರೆ ಕೇಸರಿಬಾತ್

ಹೋದ ವರ್ಷ ಗೌರಿ ಹಬ್ಬ ಕಳೆದ ಮೇಲಿನ ಭಾನುವಾರ. ನೆನೆಸಿಕೊಂಡರೆ ಈಗಲೂ ಒಬ್ಬಳೇ ನಗುತ್ತೇನೆ.

ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು. ನನ್ನ ಮೊಮ್ಮಗಳು ಚೈತ್ರಾ ಕಾಲೇಜಿನಲ್ಲಿದ್ದಾಗಲೇ ‘ಜರಡಿ’ ಅಂತ ಒಂದು ಸಾಫ್ಟ್‌ವೇರ್ ಮಾಡಿದ್ದಳು. ಬೇರೆಯವರು ಮಾಡಿದ ಸಾಫ್ಟ್‌ವೇರಿನಲ್ಲಿ ತಪ್ಪಿದ್ದರೆ ಅದು ಹಿಡಿದು ತೋರಿಸುತ್ತದಂತೆ. ಪುಕ್ಕಟೆ. ಎಲ್ಲೆಲ್ಲಿಯವರೋ ಬಳಸುತ್ತಿದ್ದರು. ಶ್ರೀರಾಂಪುರದ ನಮ್ಮ ಬೀದಿಗೆಲ್ಲ ನಾನೇ ಹೇಳಿಕೊಂಡು ಬಂದಿದ್ದೆ.

ಆ ವಾರ ಮಗು ಸರಿಯಾಗಿ ಊಟವನ್ನೇ ಮಾಡಲಿಲ್ಲ. “ಯಾಕೆ ಕಣಮ್ಮ?” ಅಂದೆ.

“ಜರಡಿ ನಿಲ್ಲಿಸ್ತಿದೀನಿ ಅಜ್ಜಿ. ಅದಕ್ಕಿಂತ ಒಳ್ಳೇವು ಬಂದಿವೆ, ಒಬ್ಬಳೇ ರಿಪೇರಿ ಮಾಡ್ಕೊಂಡು ಕೂರಕ್ಕಾಗಲ್ಲ. ಬಳಸೋರು ಬೈತಿದಾರೆ. ಅದರಲ್ಲೂ ಒಬ್ಬ, ಹೆಸರೂ ಹಾಕಲ್ಲ, ನಡುನೀರಲ್ಲಿ ಕೈಬಿಟ್ರಿ ಅಂತ ದಿನಾ ಬರೀತಾನೆ. ಭಾನುವಾರ ಸಂಜೆ ಎಲ್ರನ್ನೂ ಕರೆದಿದೀನಿ. ಇನ್ಮೇಲೆ ಯಾವುದನ್ನ ಬಳಸ್ಬೇಕು ಅಂತ ಹೇಳ್ಕೊಡ್ಬೇಕು. ಭಯ ಆಗ್ತಿದೆ.”

ಎಲ್ಲರನ್ನೂ ಕರೆದ ಮೇಲೆ ಬರೀ ಹೊಟ್ಟೆಯಲ್ಲಿ ಕಳಿಸುವುದುಂಟೇ? ಹೊಟ್ಟೆ ತುಂಬಿದವರು ಬೈಯುವುದೂ ಕಡಿಮೆ. ಪಕ್ಕದ ಮನೆ ಸಾಕಮ್ಮನ ದೊಡ್ಡ ಪಾತ್ರೆ ತಂದು, ಚೈತ್ರಾಗೆ ಹೇಳದೆ ಕೇಸರಿಬಾತ್ ಮಾಡಿದೆ. ನಡುಮನೆಯಲ್ಲಿ ಜಮಖಾನ ಹಾಸಿ, ಒಳ್ಳೆ ಸೀರೆ ಉಟ್ಟು ಗೇಟಿನಲ್ಲಿ ನಿಂತೆ. ಕೊರಿಯರಿನವನು ಬಂದ. “ಜರಡಿಯವ್ರಾ? ಬನ್ನಿ, ಬನ್ನಿ” ಅಂದೆ. ಪಾಪ, ಏನೂ ಕೇಳದೆ ಒಂದು ತಟ್ಟೆ ತಿಂದು ಹೋದ.

ಮತ್ತೆ ಯಾರೂ ಬರಲಿಲ್ಲ. ಒಳಗೆ ಚೈತ್ರಾ ಇಂಗ್ಲಿಷಿನಲ್ಲಿ ಮಾತಾಡುವುದು ಕೇಳಿಸಿತು. ಹಿಂದಿನ ಬಾಗಿಲಿನಿಂದ ಬಂದರೇನೋ ಅಂದುಕೊಂಡು ತಟ್ಟೆ ಹಿಡಿದು ನುಗ್ಗಿದೆ. ರೂಮಿನಲ್ಲಿ ಅವಳೊಬ್ಬಳೇ. ಕಂಪ್ಯೂಟರ್ ತುಂಬ ಚಿಕ್ಕ ಚಿಕ್ಕ ಮುಖಗಳು.

“ಎಲ್ಲೇ ಜನ? ತಿಂಡಿ ಆರೋಯ್ತದೆ ಕಣೇ!”

“ಅಯ್ಯೋ ಅಜ್ಜಿ, ಇವರೇ ಜನ! ಅವರವರ ಮನೇಲಿದಾರೆ!”

“ಮತ್ತೆ ಒಂದು ಪಾತ್ರೆ ಕೇಸರಿಬಾತ್ ಯಾರು ತಿಂತಾರೆ?”

ಅದು ಅಷ್ಟೂ ಜನಕ್ಕೆ ಕೇಳಿಸಿತಂತೆ. ಚೈತ್ರಾ ಮುಖ ಮುಚ್ಚಿಕೊಂಡಳು. ಆಗ ಒಂದು ಮುಖ ಕನ್ನಡದಲ್ಲೇ ಕೇಳಿತು: “ಅಜ್ಜೀ, ತುಪ್ಪ ಜಾಸ್ತಿ ಹಾಕಿದೀರಾ?”

“ಹಾಕ್ದೆ ಇರ್ತೀನೇನಪ್ಪ? ಗೋಡಂಬೀನೂ ಹಾಕಿವ್ನಿ. ನೀನ್ಯಾರು?”

“ಇಮ್ರಾನ್ ಅಂತ. ರಾಜೀವನಗರ. ದಿನಾ ಬೈತಿದ್ನಲ್ಲ, ನಾನೇ.”

ಅವನು ಅಮೆರಿಕಾದವನು ಅಂದುಕೊಂಡಿದ್ದಳಂತೆ ನಮ್ಮ ಹುಡುಗಿ!

“ಇದೇ ಊರಲ್ಲಿದ್ಕೊಂಡು ಅಲ್ಲಿಂದ ಬೈತೀಯಾ? ಇಲ್ಲಿ ಬಂದು, ತಿನ್ಕೊಂಡು ಬಯ್ಯಿ ಬಾ!” ಅಂದೆ.

ಮೀಟಿಂಗ್ ಮುಗಿಯುವಷ್ಟರಲ್ಲಿ ಹೆಂಡತಿಯನ್ನೂ ಕೂರಿಸಿಕೊಂಡು ಸ್ಕೂಟರಿನಲ್ಲಿ ಬಂದೇಬಿಟ್ಟ. “ಹೊಸದಕ್ಕೆ ಹೋದ್ರೆ ಮಾಡಿರೋ ಕೆಲಸ ಎಲ್ಲಾ ಹಾಳಾಗುತ್ತೆ ಅಂತ ಹೆದರಿದ್ದೆ ಅಜ್ಜಿ, ಅದಕ್ಕೇ ಬೈದೆ” ಅಂದ. ಚೈತ್ರಾ ಪಕ್ಕದಲ್ಲೇ ಕೂತು ಅವನ ಕೆಲಸವನ್ನೆಲ್ಲ ಹೊಸದಕ್ಕೆ ಸಾಗಿಸಿ ತೋರಿಸಿದಳು. ಏನೂ ಹಾಳಾಗಲಿಲ್ಲ. ಅದು ಹೇಗೆಂದು ಇಬ್ಬರೂ ಸೇರಿ ಬರೆದು ಉಳಿದವರಿಗೂ ಕಳಿಸಿದರು. ಬೈಗುಳ ನಿಂತಿತು. ನನ್ನ ಮಗು ಎರಡು ತಟ್ಟೆ ತಿಂದಳು. ನನಗೆ ಹಬ್ಬ ಮತ್ತೆ ಬಂದ ಹಾಗಾಯಿತು.

ಈಗ ಅವಳು ಇನ್ನೇನೋ ಹೊಸದು ಶುರು ಮಾಡಿದ್ದಾಳೆ. ಇಮ್ರಾನ್ ಫೋನ್ ಮಾಡಿದಾಗಲೆಲ್ಲ, “ಇದನ್ನ ಯಾವಾಗ ಮುಚ್ತಾಳಂತೆ ಅಜ್ಜಿ?” ಅಂತ ಕೇಳುತ್ತಾನೆ. ಚೈತ್ರಾಗೆ ಸಿಟ್ಟು ಬರುತ್ತದೆ. ನಾನಂತೂ ಸಾಕಮ್ಮನ ಪಾತ್ರೆಯನ್ನು ಇನ್ನೂ ವಾಪಸ್ ಕೊಟ್ಟಿಲ್ಲ.