ಸ್ಲೊವಾಕ್ ಊಟ, ಬಾಗಿಲಲ್ಲಿ ಒಂದು ಮಾತು

ಅಮೆರಿಕದ ಬಾಥೆಲ್‌ನ ನಮ್ಮ ಆಫೀಸಿನಲ್ಲಿ ನನ್ನ ಪಕ್ಕದ ಸೀಟಿನ ಮರೇಕ್ ಸ್ಲೊವಾಕಿಯಾದವನು. ಮಾತಿಗೆ ಏನಾದರೂ ಬೇಕಲ್ಲ ಅಂತ ಒಂದು ದಿನ ಕೇಳಿದೆ, ನಿಮ್ಮೂರಿನ ಊಟ ಇಲ್ಲಿ ಎಲ್ಲಿ ಚೆನ್ನಾಗಿ ಸಿಗುತ್ತೆ ಅಂತ. ಅವನು ಸ್ವಲ್ಪ ಯೋಚಿಸಿ, "ಲಿನ್‌ವುಡ್‌ನಲ್ಲಿ, ನಮ್ಮ ಮನೇಲಿ. ಶನಿವಾರ ಒಂದು ಗಂಟೆಗೆ ಇಬ್ಬರೂ ಬನ್ನಿ" ಅಂದ.

ಹೆಂಡತಿಯನ್ನು ಕರೆದುಕೊಂಡು ಹೋದೆ. ಮರೇಕ್ ಒಬ್ಬನೇ ಇರೋದು, ಅಡುಗೆಯೂ ಅವನದೇ. ಮೊದಲು ಬಂದಿದ್ದು ಹಲುಶ್ಕಿ. ಆಲೂಗಡ್ಡೆ ತುರಿದು ಮೈದಾದಲ್ಲಿ ಕಲಸಿ ಬೇಯಿಸಿದ ಪುಟ್ಟ ಪುಟ್ಟ ಕಡುಬು, ಮೇಲೆ ಕುರಿ ಹಾಲಿನ ಹುಳಿ ಚೀಸ್. ಅದರ ಮೇಲೆ ಉದುರಿಸುವ ಹಂದಿ ಮಾಂಸವನ್ನು ನಮಗೋಸ್ಕರ ಬೇರೆ ಬಟ್ಟಲಲ್ಲಿ ಇಟ್ಟಿದ್ದ. ಕೊನೆಗೆ ಬಂದ ಸಿಹಿಯ ಹೆಸರು ಶೂಲ್ಯಾಂತ್ಸೆ. ಬೆಂದ ಆಲೂಗಡ್ಡೆಯ ಹಿಟ್ಟನ್ನು ಬೆರಳಿನಂತೆ ಹೊಸೆದು, ಬೇಯಿಸಿ, ಗಸಗಸೆ ಪುಡಿ ಮತ್ತು ಸಕ್ಕರೆಯಲ್ಲಿ ಹೊರಳಿಸಿದ್ದು. ಗಸಗಸೆ ಕಂಡಿದ್ದೇ ನನ್ನ ಹೆಂಡತಿ ಎರಡು ಸಲ ಹಾಕಿಸಿಕೊಂಡಳು.

ಹೊರಡುವಾಗ ಶೂ ಹಾಕಿಕೊಳ್ಳುತ್ತಾ, "ನೀವೂ ಒಂದ್ಸಲ ನಮ್ಮ ಮನೆಗೆ ಬನ್ನಿ" ಅಂದೆ. ನಮ್ಮ ಕಡೆ ಅದು 'ಹೊರಟೆ' ಅಂತ ಹೇಳುವ ರೀತಿ ಅಷ್ಟೆ. ಮರೇಕ್ ಫೋನ್ ತೆಗೆದು ಕ್ಯಾಲೆಂಡರ್ ನೋಡತೊಡಗಿದ.

"ಯಾವತ್ತು?"

"ನೋಡೋಣ, ಹೇಳ್ತೀನಿ."

"ಮುಂದಿನ ಶನಿವಾರ ನಾನು ಫ್ರೀ. ನಿಮಗಾಗುತ್ತಾ?"

ಹೆಂಡತಿ ಕಡೆ ನೋಡಿದೆ. ಅವಳು ಲೇಸ್ ಕಟ್ಟುತ್ತಿದ್ದಳು, ತಲೆ ಎತ್ತಲಿಲ್ಲ.

"ಆಗುತ್ತೆ" ಅಂದೆ.

ಈ ಊರಿಗೆ ಬಂದು ಹನ್ನೆರಡು ವರ್ಷ ಆಯ್ತು. ಅಷ್ಟರಲ್ಲಿ ಎಷ್ಟು ಜನರನ್ನು ಹೀಗೆ ಮನೆಗೆ ಕರೆದಿದೀನೋ ನೆನಪಿಲ್ಲ. ನಮ್ಮ ಊಟದ ಮೇಜಿಗೆ ಮೂರನೇ ಕುರ್ಚಿ ತಂದಿದ್ದು ಮಾತ್ರ ಆ ವಾರ.