ಹತ್ತದ ಬಲ್ಬು

ಆಗೆಲ್ಲ ಮೊರಬದ ನಮ್ಮ ಓಣಿಯಲ್ಲಿ ಸೀತನಿ ಸುಡುವ ಹೊಗೆ ಎದ್ದಿತೆಂದರೆ ಶಾಲೆಯ ವಿಜ್ಞಾನ ಪ್ರದರ್ಶನ ಹತ್ತಿರ ಬಂತೆಂದೇ ಲೆಕ್ಕ. ಆ ವರ್ಷ ಎಳೆಜೋಳದ ಬಿಸಿ ಕಾಳು, ಬೆಲ್ಲ ಬಾಯಲ್ಲಿಟ್ಟುಕೊಂಡೇ ನಾನೂ ಬಾಜೂ ಮನೆಯ ಗಂಗಿಯೂ ನಮ್ಮ ಪಡಸಾಲೆಯಲ್ಲಿ ತಂತಿ ಜೋಡಿಸುತ್ತ ಕೂತೆವು. ಏಳನೆಯ ಇಯತ್ತೆ. ಕಲಿಸಿದವನು ನಮ್ಮ ಕಾಕಾನ ಮಗ ಶಿವಣ್ಣ. ಧಾರವಾಡದ ಕಾಲೇಜಿನಲ್ಲಿ ಸೈನ್ಸ್ ಓದುತ್ತಿದ್ದವನು ರಜೆಗೆ ಬಂದಿದ್ದ. ಅವನ ಮಾತಿನ ಮುಂದೆ ಮಾಸ್ತರರ ಮಾತೂ ನಮಗೆ ಸಪ್ಪೆ.

ಎರಡು ಬ್ಯಾಟರಿ ಸೆಲ್ಲು, ಒಂದು ಪುಟ್ಟ ಬಲ್ಬು, ನಡುವೆ ಸೀಳಿದ ಪೆನ್ಸಿಲ್ಲಿನ ಕಡ್ಡಿ. ತಂತಿಗಳನ್ನು ಕಡ್ಡಿಯ ಮೇಲೆ ದೂರ ಸರಿಸಿದರೆ ಬೆಳಕು ಮಂಕಾಗುತ್ತಿತ್ತು, ಹತ್ತಿರ ತಂದರೆ ಏರುತ್ತಿತ್ತು.

"ಬೆಳಕು ಕಡಿಮಿ ಆತಂದ್ರ ತಡೆ ಜಾಸ್ತಿ. ಇಷ್ಟ ತಲ್ಯಾಗ ಇಟಗೋರಿ," ಎಂದ ಶಿವಣ್ಣ.

"ನಮ್ಮ ಎರಿ ಮಣ್ಣಿನ ತಡೆ ಎಷ್ಟರಿ, ಶಿವಣ್ಣಾ?" ಗಂಗಿಯ ಪ್ರಶ್ನೆ.

ಮಣ್ಣಿನ ಬೋಗುಣಿಯಲ್ಲಿ ಕರಿಮಣ್ಣು ಕಲಸಿ ತಂತಿ ಚುಚ್ಚಿದೆವು. ಪುಟ್ಟ ಬಲ್ಬು ಹತ್ತಲಿಲ್ಲ. ಶಿವಣ್ಣ ಮನೆಯ ದೊಡ್ಡ ಬಲ್ಬು ತಂದು, ಸೆಲ್ಲಿನ ಬದಲು ವೈರನ್ನು ಗೋಡೆಯ ಪ್ಲಗ್ಗಿಗೇ ಸಿಕ್ಕಿಸಿ ಬಟನ್ ಒತ್ತಿದ. ಅದೂ ಹತ್ತಲಿಲ್ಲ. ಮಣ್ಣಿನೊಳಗಿನ ತಂತಿಗಳನ್ನು ಕೈಯಿಂದ ಹತ್ತಿರ ತರಬೇಕಿತ್ತು.

"ಬಟನ್ ಬಂದ್ ಮಾಡೀರಿಲ್ಲರಿ?" ಎಂದಳು ಗಂಗಿ.

"ಮಾಡೀನಿ. ಎಷ್ಟ ಅಂಜತೀಬೇ, ಪುಕ್ಕಲಿ! ಬಲ್ಬ್ ಹತ್ತೇತೇನು ನೋಡು."

ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದ. ಅದರ ಅರ್ಥ ನನಗೆ ಹೊಳೆಯುವ ಮೊದಲೇ ಗಂಗಿಯ ಕೈ ಹಸಿಮಣ್ಣಿನಲ್ಲಿತ್ತು. ಅವಳು ಕೂಗಲಿಲ್ಲ. ಬಾಯಿ ತೆರೆದೇ ಇತ್ತು, ಮೈ ಸೆಟೆದಿತ್ತು. ಶಿವಣ್ಣನ ನಗು ಅರ್ಧಕ್ಕೇ ನಿಂತಿತು. ಅಜ್ಜಿ ಓಡಿಬಂದು ಒಣ ಬಡಿಗೆಯಿಂದ ವೈರನ್ನು ಹೊಡೆದು ಹಾರಿಸಿದಳು. ಆ ಬಡಿಗೆ ಬಾಗಿಲ ಹಿಂದೆ ಇರದಿದ್ದರೆ ಎಂದು ಈಗಲೂ ನಿದ್ದೆಗೆಡುತ್ತೇನೆ.

ಗಂಗಿಯ ಅಪ್ಪ ಬಂದಾಗ ಶಿವಣ್ಣ ಹೇಳಿದ: "ನಾ ಬ್ಯಾಡ ಅಂದ್ನಿರಿ, ಕಾಕಾ. ಅಕಿ ಕೇಳಲೇ ಇಲ್ಲ."

"ಸುಳ್ಳು!" ಎಂದೆ. ಅವ್ವ ನನ್ನ ಬಾಯಿ ಮುಚ್ಚಿದಳು. "ಸುಮ್ಮನಿರಲೇ. ಕಾಲೇಜ್ ಕಲ್ಯಾಂವ ಸುಳ್ಳ ಹೇಳ್ತಾನೇನು?"

ಗಂಗಿಯ ಸುಟ್ಟ ಬೆರಳು ಮಾದವು. ಆದರೆ ಅವಳು ಮತ್ತೆ ಶಾಲೆಗೆ ಬರಲಿಲ್ಲ. "ಹೆಣ್ಣುಹುಡುಗಿಗೆ ಯಾತರ ಸೈನ್ಸು," ಎಂದುಬಿಟ್ಟರು ಅವಳ ಅಪ್ಪ.

ಮುಂದೆ ನಾನೂ ಕಾಲೇಜಿನಲ್ಲಿ ವಿಜ್ಞಾನವನ್ನೇ ಓದಿದೆ. ತಡೆ ಹೆಚ್ಚಿದ್ದರೆ ಬಲ್ಬು ಹತ್ತದು, ಆದರೂ ತಂತಿಯಲ್ಲಿ ಕರೆಂಟು ಇದ್ದೇ ಇರುತ್ತದೆ. ಇದು ಮೊದಲ ವರ್ಷದ ಪಾಠ. ಶಿವಣ್ಣ ಅದನ್ನು ಓದಿಕೊಂಡೇ ಆ ರಜೆಗೆ ಊರಿಗೆ ಬಂದಿದ್ದ.

ಈಗ ತಡೆಯನ್ನು ಅಂಕಿಯಲ್ಲೇ ತೋರಿಸುವ ಮೀಟರು ನನ್ನ ಮೇಜಿನ ಮೇಲಿದೆ. ಯಾರಾದರೂ "ಬಂದ್ ಮಾಡೀನಿ" ಎಂದರೂ ನಾನೇ ಎದ್ದು ಹೋಗಿ ಪ್ಲಗ್ಗು ಕಿತ್ತಿಡುತ್ತೇನೆ. ಆ ಸೀತನಿಯ ಕಾಲದಲ್ಲಿ ಗಂಗಿ ಒಮ್ಮೆ ಕೇಳಿದಳು, ಶಿವಣ್ಣ "ಮಾಡೀನಿ" ಎಂದ. ನಮಗೆ ಅಷ್ಟು ಸಾಕಾಗಿತ್ತು.