ತಗ್ಗಿನೊಳಗಿನ ಗೌಜಲಹಕ್ಕಿ

ಮೊನ್ನೆ ಹುಮನಾಬಾದ ಸಂತೆಯಿಂದ ನನ್ನ ಹೆಂಡತಿ ಹೊಸ ಮರ ತಂದಳು, ಜೋಳ ಕೇರುವ ಮರ. ಬಿದಿರು ಇನ್ನೂ ಹಸಿಯಾಗಿತ್ತು, ಅಂಚಿಗೆ ಔಡಲ ಎಣ್ಣೆ ಸವರಿದ್ದರು. ಆಕೆ ಅದನ್ನು ನನ್ನ ಮೂಗಿಗೆ ಹಿಡಿದು, "ಎಂಥಾ ವಾಸನಿ ನೋಡ್ರಿ, ಎರಡು ದಿನ ಬಿಸಲಿಗೆ ಇಡಬೇಕು" ಎಂದಳು. ನೋಡಿದೆ. ನೋಡಿದವನು ಹೊಸ್ತಿಲ ಮೇಲೆ ಹಾಗೇ ಕೂತುಬಿಟ್ಟೆ. ನನ್ನ ತಲೆಗಿಂತ ಮೂಗಿಗೆ ನೆನಪು ಜಾಸ್ತಿ. ತಲೆಯಲ್ಲಿ ಇರುವುದೆಲ್ಲ ಮಂದಿಯ ದನಿ: ನಮ್ಮ ಅಂಗಡಿ ಸಾಹುಕಾರರ ಕೆಮ್ಮು, ರಾಜೇಶ್ವರದ ಹತ್ತಿರ ನಿದ್ದೆಯಿಂದ ಎದ್ದು ಸೀಟಿ ಊದುವ ಕಂಡಕ್ಟರ್, ಸಿಟ್ಟು ಬಂದಾಗ ಮಾತು ನಿಲ್ಲಿಸಿ ಪಾತ್ರೆಗಳ ಬಾಯಿಂದ ಮಾತಾಡಿಸುವ ಹೆಂಡತಿ... ಸ್ವಂತದ್ದು ಅಂತ ಒಂದು ದನಿ ಹುಡುಕಿದರೆ ಸಿಗುವುದು ಕಷ್ಟ.

ಆ ವಾಸನೆ ಕಾಕಾನದು.

ಕಲ್ಯಾಣದಲ್ಲಿ ಕೋಟೆಯ ಗೋಡೆಯ ಕೆಳಗೆ ನಮ್ಮ ಓಣಿ. ನಮ್ಮ ಮನೆಯ ಎದುರಿಗೆ ಕಾಕಾನ ಕಟ್ಟೆ. ಅವರು ನನ್ನ ಕಾಕಾ ಅಲ್ಲ, ಓಣಿಗೆಲ್ಲ ಕಾಕಾ. ವರ್ಷವಿಡೀ ಕಟ್ಟೆಯ ಮೇಲೆ ಕೂತು ಬಿದಿರು ಸೀಳಿ ಬುಟ್ಟಿ, ಮರ ಹೆಣೆಯುತ್ತಿದ್ದರು. ಒಂದು ದಿನ ಮಾತ್ರ ಅವರು ಬಿಲ್ಲುಗಾರ. ದಸರೆಯ ಸಂಜೆ ಊರ ಹೊರಗೆ, ಬನ್ನಿಗಿಡದ ಆಚೆ ಒಂದು ಬಾಳೆ ದಿಂಡು ನೆಟ್ಟು ಅರಿಷಿಣದ ಅರಿವೆ ಸುತ್ತುತ್ತಿದ್ದರು. ನಲವತ್ತು ಹೆಜ್ಜೆಯಿಂದ ಕಾಕಾ ಬಾಣ ಬಿಡಬೇಕು. ಅದು ದಿಂಡಿಗೆ ನಾಟಿದ ಮೇಲೆಯೇ ನಮ್ಮ ಓಣಿಯ ಮಂದಿ ಬನ್ನಿ ಹರಿಯುವುದು. ಒಂದೇ ಬಾಣ, ಎರಡನೆಯದಿಲ್ಲ. ತಪ್ಪಿದರೆ ಆ ಮನೆತನದ ಹಕ್ಕು ಅಲ್ಲಿಗೆ ಮುಗಿಯಿತು, ಮುಂದಿನ ವರ್ಷದಿಂದ ಯಾರಾದರೂ ಕುಡಗೋಲಿನಿಂದ ದಿಂಡು ಕಡಿದರೆ ಸಾಕು. ಕಾಕಾನ ಅಜ್ಜ ತಪ್ಪಿರಲಿಲ್ಲ, ಅಪ್ಪ ತಪ್ಪಿರಲಿಲ್ಲ. ನಿಜಾಮನ ಕಾಲದಿಂದ ಕಾಕಾನೂ ತಪ್ಪಿರಲಿಲ್ಲ.

ನನಗಾಗ ಹತ್ತೊಂಬತ್ತು. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದು ಒಂದೆರಡು ವರ್ಷ ಆಗಿತ್ತು. ನನಗೆ ಓಣಿಯವರು ಇಟ್ಟ ಹೆಸರು ನಕಲಿ. ಪರೀಕ್ಷೆಯಲ್ಲಿ ನಕಲು ಮಾಡಿ ಬಂದ ಹೆಸರಲ್ಲ. ಹಾಗೆ ಮಾಡಿದ್ದರೆ ಪಾಸಾದರೂ ಆಗುತ್ತಿದ್ದೆ. ಯಾರು ಎದುರಿಗೆ ಬಂದರೂ ಅವರ ನಡಿಗೆ, ಮಾತು, ಮೂಗು ಒರೆಸುವುದು ಎಲ್ಲ ನನ್ನ ಮೈಗೆ ಅಂಟಿಬಿಡುತ್ತಿತ್ತು. ಚಹಾದ ಹೋಟೆಲಿನ ಮುಂದೆ ದಿನಾ ಸಂಜೆ ನನ್ನ ದರ್ಬಾರು.

ಒಂದು ಸಂಜೆ ಕಾಕಾನ ಸರದಿ. ಗಲ್ಲಾದ ಹತ್ತಿರ ನಿಂತು ಬಿಲ್ಲು ಎಳೆದಂತೆ ಕೈ ಎತ್ತಿದೆ. ಎದೆ ಮುಂದೆ, ಎಡಗಾಲು ಸ್ವಲ್ಪ ಒಳಗೆ, ಮುಖ ಒಂದು ಕಡೆ ಹೊರಳಿಸಿ ಕಿವಿ ಮುಂದೆ... ಮಂದಿ ಬಿದ್ದು ಬಿದ್ದು ನಕ್ಕರು. "ಬರೋಬ್ಬರಿ ಕಾಕಾನ ನೋಡಪ್ಪಾ ಇಂವಾ!" ನಗು ಪಟ್ಟನೆ ನಿಂತಾಗ ಹಿಂದೆ ನೋಡಿದೆ. ಕಾಕಾ ನಿಂತಿದ್ದರು.

"ಇನ್ನೊಮ್ಮೆ ಮಾಡು" ಎಂದರು.

"ತಪ್ಪಾತ್ರಿ ಕಾಕಾ."

"ಮಾಡಲೇ ನಕಲಿ."

ಮಾಡಿದೆ. ಅವರು ಹತ್ತಿರ ಬಂದು ನನ್ನ ಭುಜ ಮುಟ್ಟಿದರು, ಮೊಣಕೈ ಮುಟ್ಟಿದರು, ಆಮೇಲೆ ಮುಖ. ಬಿದಿರಿನ ಸಿಬಿರು ಚುಚ್ಚಿ ಚುಚ್ಚಿ ಒರಟಾದ ಬೆರಳು ನನ್ನ ಕೆನ್ನೆಯಿಂದ ಕಿವಿಯವರೆಗೆ ಸಾವಕಾಶ ಹೋಗಿ ಅಲ್ಲೇ ನಿಂತವು. ಕೈ ಹಿಡಿದು ನನ್ನನ್ನು ಓಣಿಯ ಮೂಲೆಗೆ ಎಳೆದುಕೊಂಡು ಹೋದರು.

"ನಾ ಹಿಂಗ ನಿಂದರ್ತೀನೇನು? ಕಿವಿ ಮುಂದ ಮಾಡಿ?"

"ಹೌದ್ರಿ. ಹ್ವಾದ ವರ್ಷದಿಂದ."

ನನ್ನ ಕೈ ಬಿಟ್ಟು ಹೇಳಿದರು: "ಅವರೆಲ್ಲ ನಕ್ಕಾರ. ನೋಡಿದಾಂವ ನೀ ಒಬ್ಬನ."

ಕಾಕಾನಿಗೆ ಕಣ್ಣು ಕಾಣುತ್ತಿರಲಿಲ್ಲ. ಹಿಂದಿನ ವರ್ಷ ದಿಂಡು ಹಳದಿ ಮಬ್ಬಿನಂತೆ ಕಂಡಿತ್ತಂತೆ. ಈ ವರ್ಷ ಅದೂ ಇಲ್ಲ. ಬುಟ್ಟಿ ಹೆಣೆಯಲು ಬೆರಳು ಸಾಕು, ಮನೆಯಿಂದ ಹೋಟೆಲಿಗೆ ಬರಲು ಕಾಲಿಗೆ ದಾರಿ ಗೊತ್ತು, ಹಾಗಾಗಿ ಓಣಿಗೆ ತಿಳಿದಿರಲಿಲ್ಲ. ಸುದ್ದಿ ಒಬ್ಬ ನಕಲಿಯ ಮೈಯಲ್ಲಿ ಮೊದಲು ಬಯಲಾಯಿತು. ನಾನು ಅದನ್ನು ನಗಲಿಕ್ಕೆ ಅಂತ ತೋರಿಸಿದ್ದೆ.

"ಯಾರ ಮುಂದೂ ಹೇಳಬ್ಯಾಡ. ನಾಳಿಗಿಂದ ಬಿಲ್ಲು ಕಲಿಸ್ತೀನಿ, ಬಾ" ಎಂದರು. ಗಂಡುಮಕ್ಕಳಿಲ್ಲದ ಮನೆ, ಮುಂದೆ ನನಗೇ ಹಕ್ಕು ಬಂದೀತು ಅಂತ ನಾನು ಉಬ್ಬಿದೆ.

ಎಂಟು ತಿಂಗಳು ಬಾಣ ಮುಟ್ಟಲು ಬಿಡಲಿಲ್ಲ. ಕೋಟೆಯ ಗೋಡೆಯ ನೆರಳಲ್ಲಿ ದಿನಾ ಬೆಳಗ್ಗೆ ಬರಿಯ ಬಿಲ್ಲು ಎಳೆಯಬೇಕು, ಹಿಡಿಯಬೇಕು, ಬೆರಳಿಂದ ಹೆದೆ ಜಾರದಂತೆ ಸಾವಕಾಶ ಇಳಿಸಬೇಕು. ಎಳೆಯುವುದಕ್ಕಿಂತ ಇಳಿಸುವುದು ಕಷ್ಟ. ರಟ್ಟೆ ನಡುಗುತ್ತದೆ, ಬೆನ್ನಿನ ನಡುವೆ ಬೆಂಕಿ ಬಿದ್ದಂತಾಗುತ್ತದೆ. ಏರಿಸು, ಇಳಿಸು, ಏರಿಸು, ಇಳಿಸು. ಅಷ್ಟೇ ಸಲ ಬಾವಿಯಿಂದ ಕೊಡ ಸೇದಿದ್ದರೆ ಓಣಿಗೆ ನೀರಾದರೂ ಸಿಗುತ್ತಿತ್ತು.

"ಬಾಣ ಬಿಡೂದು ಯಾವಾಗ್ರಿ ಕಾಕಾ?"

"ಬಿಡೂದ್ರಾಗ ಏನದ? ಬೆರಳು ದಣದರ ತಾನ ಬಿಡ್ತದ. ಇಳಸಾಕ ಕಲಿ."

ಕೊನೆಗೆ ಒಂದು ದಿನ ಬಾಣ ಕೊಟ್ಟರು. ನನ್ನ ನಿಲುವಿನಲ್ಲಿ ಕೂದಲೆಳೆಯ ತಪ್ಪಿರಲಿಲ್ಲ, ಕಾಕಾನೇ ಮುಟ್ಟಿ ನೋಡಿ ಒಪ್ಪಿದ್ದರು. ಬಾಣ ಹೋಗಿ ಪಕ್ಕದ ಮನೆಯ ಎಮ್ಮೆ ಕೊಟ್ಟಿಗೆಯ ಸೂರಿಗೆ ಚುಚ್ಚಿತು. ಎರಡನೆಯದು ಎಲ್ಲಿ ಹೋಯಿತೋ ಇವತ್ತಿಗೂ ಗೊತ್ತಿಲ್ಲ. ಕಾಕಾ ನಗಲಿಲ್ಲ, ಬೈಯಲೂ ಇಲ್ಲ. "ನಿಂತಾಂವ ಖರೇ ನಾನ" ಎಂದರು. "ಬಾಣ ಮಾತ್ರ ನಿಂದು."

ದಸರೆಗೆ ಎರಡು ವಾರ ಉಳಿದಿತ್ತು. ಕಾಕಾ ಕೇಳಿದರು: "ಹಕ್ಕಿಹಂಗ ಕೂಗಾಕ ಬರತದೇನು?"

ಅಲ್ಲಿಂದ ಶುರುವಾಯಿತು ನನ್ನ ಸೆರೆ. ಬಾಳೆ ದಿಂಡು ನೆಡುವ ಜಾಗದ ಹಿಂದೆ ಹಳೆಯದೊಂದು ತಗ್ಗು ಇತ್ತು, ಒಬ್ಬ ಮಂಡಿ ಮಡಚಿ ಕೂಡುವಷ್ಟು. ಬೆಳಕಿರುವಾಗಲೇ, ಯಾರೂ ಬರುವ ಮೊದಲೇ ನಾನು ಅದರಲ್ಲಿ ಇಳಿದು ಮೇಲೆ ಜೋಳದ ದಂಟಿನ ಒಣ ಕಣಕಿ ಎಳೆದುಕೊಳ್ಳಬೇಕು. ಕಾಕಾ ಬಿಲ್ಲು ಎತ್ತಿದಾಗ ಹಲಗೆಯ ಬಡಿತ ನಿಲ್ಲುತ್ತಿತ್ತು, ಮಂದಿ ಉಸಿರು ಬಿಗಿಹಿಡಿಯುತ್ತಿದ್ದರು. ಆಗ ನಾನು ಗೌಜಲಹಕ್ಕಿಯಂತೆ ಮೂರು ಸಲ ಕೂಗಬೇಕು. ಆ ದನಿಯ ಮೇಲೆ, ಒಂದು ಮೊಳ ಎತ್ತರಕ್ಕೆ, ಕಾಕಾ ಬಾಣ ಬಿಡುತ್ತಿದ್ದರು. ಹೊಲದಲ್ಲಿ ಹಕ್ಕಿ ಕೂಗಿದರೆ ಯಾರಿಗೆ ಸಂಶಯ?

ಮೊದಲ ವರ್ಷ ಬಾಣ ಸುಂಯ್ ಎಂದು ಬಂದು ನನ್ನ ಮುಂದಿನ ದಿಂಡಿಗೆ ಥಪ್ ಎಂದು ನಾಟಿದಾಗ ನನಗೆ ಅಳು ಬಂತು. ಆಮೇಲೆ ಇರುವೆ ಕಚ್ಚಿ ನಿಜವಾಗಿಯೂ ಅತ್ತೆ. ಮಂದಿ "ಹೋ" ಎಂದು ಕೂಗಿದರು, ಬನ್ನಿ ಹರಿದರು, ಒಬ್ಬರಿಗೊಬ್ಬರು ಬಂಗಾರ ಕೊಟ್ಟುಕೊಂಡರು. ಕೊನೆಯವನು ಹೋಗುವ ತನಕ ನಾನು ತಗ್ಗಿನಲ್ಲೇ. ನನ್ನ ಜೀವಮಾನದ ಅತ್ಯುತ್ತಮ ನಕಲು ಅದು. ಚಪ್ಪಾಳೆಯೆಲ್ಲ ಬೇರೆಯವರಿಗೆ. ಚಪ್ಪಾಳೆಗಾಗಿ ಅಪ್ಪನ ಗೊರಕೆಯನ್ನೂ ಬಿಡದ ನನ್ನಂಥವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಯಾವುದಿದೆ ಹೇಳಿ...

ನಾಲ್ಕು ದಸರೆ ಹೀಗೇ ಆಯಿತು. ಅಷ್ಟರಲ್ಲಿ ಹುಮನಾಬಾದಿನ ಅರಿವೆ ಅಂಗಡಿಯಲ್ಲಿ ಕೆಲಸ ಹಿಡಿದಿದ್ದೆ. ಹಬ್ಬದ ಭರಾಟೆಯಲ್ಲಿ ಸಾಹುಕಾರರಿಗೆ ಸುಳ್ಳು ಹೇಳಿ ಬಸ್ಸು ಹತ್ತಬೇಕು. ಒಂದು ವರ್ಷ ಅಜ್ಜಿಗೆ ಕಾಯಿಲೆ, ಒಂದು ವರ್ಷ ಅದೇ ಅಜ್ಜಿಯ ತಿಥಿ. ಕಾಕಾನ ಮಾನ ನನ್ನ ಗಂಟಲಲ್ಲಿ ಸಿಕ್ಕಿಕೊಂಡಿತ್ತು; ನೆಗಡಿ ಬಂದರೂ ಹೆದರಿಕೆ. ಯಾರ ಮುಂದೂ ಹೇಳುವಂತಿಲ್ಲ, ಬಿಡುವಂತೆಯೂ ಇಲ್ಲ.

ಐದನೆಯ ವರ್ಷ ಹುಮನಾಬಾದಿನ ಹುಡುಗರು ದಸರೆಯ ಸಂಜೆಯೇ ಹಾಡು, ನಕಲಿನ ಸ್ಪರ್ಧೆ ಇಟ್ಟರು. ಮೈಕು, ಪರದೆ, ಬಣ್ಣದ ಬಲ್ಬು. ನನ್ನ ಹೆಸರು ಬರೆಸಿಬಿಟ್ಟೆ. ಕಾಕಾನಿಗೆ ಹೇಳಿ ಕಳಿಸಬಹುದಿತ್ತು. ಕಳಿಸಲಿಲ್ಲ. ಹೇಗಾದರೂ ನಡೆದೀತು, ಮೈಗೆ ಅಭ್ಯಾಸ ಆಗಿದೆ ಅವರಿಗೆ, ಎಂದು ಅಂದುಕೊಂಡೆ. ಅಂದುಕೊಳ್ಳುವುದರಲ್ಲಿ ನಾನು ಗಟ್ಟಿಗ.

ವೇದಿಕೆಯ ಮೇಲೆ ಸಾಹುಕಾರರನ್ನು ಮಾಡಿದೆ, ಕಂಡಕ್ಟರನ್ನು ಮಾಡಿದೆ. ನಗು ಸಾಲಲಿಲ್ಲ ಅನ್ನಿಸಿತು. ಕೊನೆಗೆ ಕೈ ಎತ್ತಿ, ಬಿಲ್ಲು ಎಳೆದು, ಮುಖ ಹೊರಳಿಸಿ ಕಿವಿ ಮುಂದೆ ಮಾಡಿದೆ. ಅದಕ್ಕೇ ಎಲ್ಲಕ್ಕಿಂತ ಹೆಚ್ಚು ನಕ್ಕರು. ಎರಡನೆಯ ಬಹುಮಾನ, ಒಂದು ಸ್ಟೀಲ್ ಡಬ್ಬಿ.

ಮರುದಿನ ಊರಿಗೆ ಹೋದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು, ತಲೆ ಎತ್ತಲಿಲ್ಲ. "ಕಾಕಾ ಬಾಣ ಬಿಡಲೇ ಇಲ್ಲ" ಎಂದಳು. "ಎಳದಾಂವ ಎಳದಂಗ ನಿಂತ. ಮಂದಿ ಕಾದೇ ಕಾದರು. ಆಮ್ಯಾಗ ಇಳಿಸಿಬಿಟ್ಟ. ಒಲಿ ಮ್ಯಾಲಿನ ಹಾಲು ಇಳಿಸಿದಂಗ ಇಳಿಸಿದ ನೋಡು, ಕೈ ಜರಾ ನಡುಗಲಿಲ್ಲ. ಹೆದಿ ಬಿಚ್ಚಿ, 'ನನಗ ಕಾಣ್ಸೂದಿಲ್ರಿ, ಕುಡಗೋಲು ತರ್ರಿ' ಅಂದ. ಕೆಲವರು ನಕ್ಕರು."

ಡಬ್ಬಿಯನ್ನು ಚೀಲದಿಂದ ಹೊರಗೆ ತೆಗೆಯಲಿಲ್ಲ.

ಕಾಕಾ ಕಟ್ಟೆಯ ಮೇಲೆ ಬುಟ್ಟಿ ಹೆಣೆಯುತ್ತಿದ್ದರು. ನನ್ನ ಹೆಜ್ಜೆಗೆ ಗುರುತು ಹಿಡಿದು, "ಬಾರಲೇ ನಕಲಿ, ಕುಂಡ್ರು" ಎಂದರು. ಕೂತೆ.

"ಖರೇ ಹಕ್ಕಿ ಕೂಗಿತು, ಗೊತ್ತದೇನು?" ಎಂದರು. "ನಾ ಎಳದು ನಿಂತಾಗ, ಎಡಕ್ಕ. ಆಮ್ಯಾಗ ಕೇಳಿದೆ, ಹುಡುಗರು ಬದುವಿನ ಮ್ಯಾಲ ಸಾಲಾಗಿ ಕುಂತಿದ್ದರಂತ ಅತ್ತ."

"ಅದು ನಾನಲ್ಲ ಅಂತ ಹ್ಯಾಂಗ ತಿಳೀತ್ರಿ ಕಾಕಾ?"

"ಅದು ಹಕ್ಕಿಹಂಗ ಕೂಗಿತು. ನೀ ಕೂಗೂದ್ರಾಗ ಯಾವಾಗ್ಲೂ ಜರಾ 'ನೋಡ್ರಿ, ನಾ ಎಷ್ಟು ಚಂದ ಕೂಗಾಕತ್ತೀನಿ' ಅಂತ ಇರ್ತಿತ್ತು."

ನಗು ಬಂತು, ನಗಲಾಗಲಿಲ್ಲ. "ಸಿಟ್ಟಿಲ್ಲೇನ್ರಿ ನನ್ನ ಮ್ಯಾಲ?"

ಬಿದಿರಿನ ಪಟ್ಟಿಯನ್ನು ಒಳಗೆ ತೂರಿಸಿ ಬಿಗಿ ಎಳೆದರು. "ನಾಕು ವರ್ಷ ನಿನ್ನ ತಗ್ಗಿನ್ಯಾಗ ಕೂಡ್ರಿಸಿದೆ. ನಾನೇನು ಹೊರಗಿದ್ನೇನು? ನಿನ್ನ ಸಂಗಟ ಅಲ್ಲೇ ಕುಂತಿದ್ದೆ. ಸಾಕಾಗಿತ್ತಪಾ."

ಆ ಹೊತ್ತಿಗೆ ನನಗೆ ಏನೂ ಪೂರಾ ಅರ್ಥ ಆಗಲಿಲ್ಲ. ಹೆದೆ ಬೆರಳಿಗೆ ಕೊಯ್ಯುತ್ತಿರುವಾಗ, ಊರೆಲ್ಲ ಕಣ್ಣು ಬಿಟ್ಟು ಕಾಯುತ್ತಿರುವಾಗ, ಅಜ್ಜ ಅಪ್ಪಂದಿರ ಹೆಸರು ಆ ಒಂದು ಬಾಣಕ್ಕೆ ಅಂಟಿರುವಾಗ, ಬಿಡದೆ ಇಳಿಸಿದ ಆ ಕೈ... ಎಂಟು ತಿಂಗಳು ನನಗೆ ಕಲಿಸಿದ್ದು ಅದನ್ನೇ. ನಾನು ಬಾವಿಯ ಕೊಡದ ಜೋಕು ಮಾಡಿಕೊಂಡಿದ್ದೆ.

ಕಾಕಾ ಮತ್ತೆರಡು ಮಳೆಗಾಲ ಇದ್ದರು. ಅವರು ಹೋದ ಮೇಲೆ ಅವರ ಮಗಳು ಚಿಟಗುಪ್ಪದಿಂದ ಬಂದು ಮನೆ ಖಾಲಿ ಮಾಡಿದಳು. "ನಿಮಗ ಕೊಡು ಅಂದಿದ್ದ ಅಪ್ಪ" ಎಂದು ಬಿಲ್ಲನ್ನು ನನ್ನ ಕೈಗೆ ಕೊಟ್ಟಳು. ಬಾಣ ಒಂದೂ ಇರಲಿಲ್ಲ. ಇದ್ದರೆ ನಾನು ಎಮ್ಮೆ ಹೊಡೆದೇನು ಅಂತ ಇರಬೇಕು.

ಈಗ ದಸರೆಯಲ್ಲಿ ಕುಡಗೋಲಿನಿಂದ ದಿಂಡು ಕಡಿಯುತ್ತಾರೆ. ಒಂದೇ ಏಟು, ಯಾರೂ ಉಸಿರು ಬಿಗಿಹಿಡಿಯುವುದಿಲ್ಲ. ನಾನು ಮದುವೆ ಮುಂಜಿಗಳಲ್ಲಿ ಮೈಕಿನ ಮುಂದೆ ಎಲ್ಲರನ್ನೂ ಮಾಡುತ್ತೇನೆ. ಹಕ್ಕಿ ಕೂಗು ಅಂದರೆ ಕಾಗೆ ಕೂಗುತ್ತೇನೆ, ಕೋಗಿಲೆ ಕೂಗುತ್ತೇನೆ. ಗೌಜಲಹಕ್ಕಿ ಒಂದನ್ನು ಬಿಟ್ಟು.

ಮೊನ್ನೆ ಆ ಹೊಸ ಮರವನ್ನು ಬಿಸಿಲಿಗೆ ಇಟ್ಟು ಒಳಗೆ ಬಂದೆ. ಗೋಡೆಯ ಮೂಲೆಯಿಂದ ಬಿಲ್ಲು ತೆಗೆದು, ಒರೆಸಿ, ಔಡಲ ಎಣ್ಣೆ ಸವರಿ, ಹೆದೆ ಏರಿಸಿ ಎಳೆದೆ. ಅಡಿಗೆಮನೆಯ ಬಾಗಿಲಲ್ಲಿ ನಿಂತು ಹೆಂಡತಿ ನಕ್ಕಳು. "ಅತ್ತಾಗ ಯಾಕ ಮುಖ ಹೊಳ್ಳಿಸೀರಿ? ನೆಟ್ಟಗ ನೋಡಬಾರದೇನ್ರಿ?" ಎಂದಳು. ನನ್ನ ಎರಡೂ ಕಣ್ಣು ಗಟ್ಟಿಮುಟ್ಟಾಗಿವೆ. ಆದರೂ ಮುಖ ಹೊರಳಿತ್ತು, ಕಿವಿ ಮುಂದಿತ್ತು. ನನಗೆ ಬೇರೆ ರೀತಿ ನಿಲ್ಲಲು ಬರುವುದೇ ಇಲ್ಲ. ಹಾಗೇ ನಿಂತು ಕೇಳಿದೆ. ಆ ಕಡೆ ತಗ್ಗಿನಲ್ಲಿ ಕೂತು ಕೂಗುವವರು ಯಾರೂ ಇರಲಿಲ್ಲ. ರಟ್ಟೆ ನಡುಗತೊಡಗಿತು.

ಇಳಿಸಿದೆ. ಕಾಕಾನಷ್ಟು ಸಾವಕಾಶ ಇನ್ನೂ ಬಂದಿಲ್ಲ.